ಯುಗಾದಿ ಎಲೆಗೆ ಅಮೆರಿಕದ ಅಂಗಡಿ ಸಾಮಾನು: ಯಾವುದು ನಡೆಯುತ್ತೆ, ಯಾವುದು ನೀರಾಗುತ್ತೆ

ಅಮೆರಿಕದ ಇಂಡಿಯನ್ ಸ್ಟೋರುಗಳಲ್ಲಿ ಯುಗಾದಿ ಊಟಕ್ಕೆ ಬೇಕಾದದ್ದು ಸಿಗದೇ ಹೋಗುವುದು ಈಗ ಕಡಿಮೆ. 1974ರಲ್ಲಿ ಶಿಕಾಗೋದಲ್ಲಿ ಒಂದೇ ಒಂದು ಅಂಗಡಿಯಾಗಿ ಶುರುವಾದ ಪಟೇಲ್ ಬ್ರದರ್ಸ್ ಈಗ ಹತ್ತಾರು ಊರುಗಳಲ್ಲಿದೆ. ಅದಿಲ್ಲದ ಕಡೆ ದಕ್ಷಿಣದವರ ಮನೆಗಳನ್ನೇ ನಂಬಿಕೊಂಡ ಸಣ್ಣ ಅಂಗಡಿ ಒಂದಾದರೂ ಇರುತ್ತದೆ. ಚಿರೋಟಿ ರವೆ, ಬ್ಯಾಡಗಿ ಮೆಣಸಿನಕಾಯಿ, ಫ್ರೀಜರಿನಲ್ಲಿ ಬಾಳೆಲೆ, ಹಬ್ಬದ ವಾರಕ್ಕೆ ಬೇವಿನ ಸೊಪ್ಪು, ಎಲ್ಲ ಬರುತ್ತದೆ. ಆದರೆ ಸಾಮಾನು ತಂದು ಊರಿನ ಅಳತೆಯಲ್ಲೇ ಮಾಡಿದರೆ ಹೂರಣ ಸಡಿಲ, ಕಣಕ ರಬ್ಬರು, ಕೋಸಂಬರಿ ಒಸರು, ಬಾಳೆಲೆ ಸೀಳು. ಒಂದೊಂದಕ್ಕೂ ಒಂದೊಂದು ಕಾರಣ ಹುಡುಕುವ ಅಗತ್ಯವಿಲ್ಲ. ಹೆಚ್ಚುಕಡಿಮೆ ಎಲ್ಲದರ ಬುಡದಲ್ಲೂ ಇರುವುದು ನೀರು. ಫ್ರೀಜರಿನಿಂದ ಬಿಡುವ ನೀರು, ಬೆಲ್ಲದೊಳಗಿನ ನೀರು, ಹಿಟ್ಟು ಕುಡಿಯುವ ನೀರು, ನಲ್ಲಿಯ ಗಡಸು ನೀರು. ಹಾಗಾಗಿ ಇಲ್ಲಿ ಸಾಮಾನುಗಳನ್ನು ನೋಡಿರುವುದು ರುಚಿಯೊಂದರಿಂದಲೇ ಅಲ್ಲ, ಅದು ಎಷ್ಟು ನೀರು ತರುತ್ತದೆ, ಎಷ್ಟು ಕುಡಿಯುತ್ತದೆ ಎನ್ನುವುದರಿಂದಲೂ.

ಲೆಕ್ಕ ಇಪ್ಪತ್ತು ಜನಕ್ಕೆ, ತಲೆಗೆ ಎರಡು ಒಬ್ಬಟ್ಟು. ಜೊತೆಗೆ ಒಬ್ಬಟ್ಟಿನ ಸಾರು, ಮಾವಿನಕಾಯಿ ಚಿತ್ರಾನ್ನ, ಹೆಸರುಬೇಳೆ ಕೋಸಂಬರಿ, ಹುರುಳಿಕಾಯಿ ಪಲ್ಯ, ಶಾವಿಗೆ ಪಾಯಸ, ಹಪ್ಪಳ, ಅನ್ನ, ತುಪ್ಪ, ಮಜ್ಜಿಗೆ. ಹಬ್ಬ ವಾರದ ನಡುವೆ ಬಿದ್ದರೆ, ಉದಾಹರಣೆಗೆ 2026ರಲ್ಲಿ ಮಾರ್ಚ್ 19 ಗುರುವಾರ, ಬೇವು-ಬೆಲ್ಲ ಅವತ್ತೇ ಮುಗಿಸಿ ಜನ ಕರೆದು ಎಲೆ ಹಾಕುವುದನ್ನು ಶನಿವಾರಕ್ಕೆ ಇಟ್ಟುಕೊಳ್ಳುವುದು ಅಲ್ಲಿನ ರೂಢಿ. ಇದರಿಂದ ಒಂದು ಲಾಭವೂ ಇದೆ: ಹೂರಣ ರುಬ್ಬಿಡಲು ಎರಡು ಸಂಜೆ ಸಿಗುತ್ತದೆ.

ಬೇಳೆ

ಬೆಂಗಳೂರು, ಮೈಸೂರು ಕಡೆಯವರಿಗೆ ತೊಗರಿಬೇಳೆ, ಧಾರವಾಡ, ಬೆಳಗಾವಿ ಕಡೆಯವರಿಗೆ ಕಡಲೆಬೇಳೆ. ಎರಡರಲ್ಲಿ ಕಡಲೆಬೇಳೆಯನ್ನು ಹೇಗೆ ತಂದರೂ ನಡೆಯುತ್ತದೆ. ತೊಗರಿಬೇಳೆಯಲ್ಲಿ ಮಾತ್ರ ಅಂಗಡಿಯಲ್ಲಿ ಎರಡು ಥರ ಕಾಣುತ್ತದೆ, ಒಣದ್ದು ಮತ್ತು ಎಣ್ಣೆ ಸವರಿದ್ದು. ಎಣ್ಣೆ ಸವರುವುದು ಹುಳ ಬೀಳದಿರಲಿ ಎಂದು. ದಿನದ ಹುಳಿಗೆ ಅದರಿಂದ ಬಾಧೆಯಿಲ್ಲ, ಒಬ್ಬಟ್ಟಿಗೆ ಬೇಡ. ಬೆಂದಾಗ ಆ ಎಣ್ಣೆ ಕಟ್ಟಿನ (ಬೇಳೆ ಬೆಂದ ನೀರಿನ) ಮೇಲೆ ತೇಲುತ್ತದೆ, ಸಾರಿಗೆ ಹಳಸಿದ ವಾಸನೆ ಕೊಡುತ್ತದೆ. ಅದೇ ಮನೆಯಲ್ಲಿದ್ದರೆ ಬಿಸಿನೀರಿನಲ್ಲಿ ನಾಲ್ಕು ಸಲ ತಿಕ್ಕಿ ತೊಳೆಯಬೇಕು, ತೊಳೆದ ನೀರಿನ ಮೇಲೆ ಬಣ್ಣದ ಪದರ ಕಾಣುವುದು ನಿಲ್ಲುವವರೆಗೆ.

ಒಂದು ಕೆಜಿ ಬೇಳೆ ಸಾಕು. ಇದಕ್ಕೆ ನಾಲ್ಕು ಲೀಟರ್ ನೀರು, ಒಂದು ಚಮಚ ಎಣ್ಣೆ, ಚಿಟಿಕೆ ಅರಿಶಿನ, ದೊಡ್ಡ ತೆರೆದ ಪಾತ್ರೆ. ಇನ್‌ಸ್ಟಂಟ್ ಪಾಟ್ ಎಂಬ ಕರೆಂಟ್ ಪ್ರೆಶರ್ ಕುಕ್ಕರು ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಅದು ಒಳ್ಳೆಯ ಪಾತ್ರೆಯೇ, ಅನ್ನಕ್ಕೆ, ಹುಳಿಗೆ ಬೇರೆ ಬೇಡ. ಆದರೆ ಉಬ್ಬುವ ಧಾನ್ಯಕ್ಕೆ ಅದನ್ನು ಅರ್ಧದ ಮೇಲೆ ತುಂಬಬಾರದು. ಮನೆಮನೆಯಲ್ಲಿರುವ ಆರು ಕ್ವಾರ್ಟಿನದರಲ್ಲಿ ಅರ್ಧವೆಂದರೆ ಮೂರು ಲೀಟರೂ ಇಲ್ಲ. ಬೇಳೆಗೇ ಜಾಗ ಸಾಲದು, ಕಟ್ಟಿಗೆ ಎಲ್ಲಿಂದ? ಮುಚ್ಚಿ ಬೇಯಿಸಿದರೆ ಇನ್ನೊಂದು ತೊಂದರೆ, ಹದ ನೋಡಲಾಗುವುದಿಲ್ಲ. ಎರಡು ನಿಮಿಷ ಹೆಚ್ಚಾದರೆ ಬೇಳೆ ಕರಗಿ ಕಟ್ಟಿನೊಳಗೆ ಸೇರುತ್ತದೆ, ಸೋಸಲು ಏನೂ ಉಳಿಯುವುದಿಲ್ಲ, ಉಳಿದದ್ದು ನೀರು ಕುಡಿದ ಗಂಜಿ. ತೆರೆದ ಪಾತ್ರೆಯಲ್ಲಿ ಕುದಿ ಬಂದ ಮೇಲೆ ಸುಮಾರು ಇಪ್ಪತ್ತೈದು ನಿಮಿಷ. ಬೆರಳಲ್ಲಿ ಹಿಸುಕಿದರೆ ಪುಡಿಯಾಗಬೇಕು, ನೋಡಲು ಮಾತ್ರ ಬೇಳೆಯ ಆಕಾರ ಇರಬೇಕು.

ನಲವತ್ತು ನಿಮಿಷವಾದರೂ ಬೇಳೆ ಗಟ್ಟಿಯಿದ್ದರೆ ಬೇಳೆ ಹಳೆಯದು, ಇಲ್ಲವೇ ನಲ್ಲಿ ನೀರು ಗಡಸು. ನೀರಿನ ಸುಣ್ಣದಂಶ ಬೇಳೆಯನ್ನು ಮೆತ್ತಗಾಗಲು ಬಿಡುವುದಿಲ್ಲ. ಸೋಡಾ ಹಾಕಿದರೆ ಬೇಯುತ್ತದೆ, ಸಾರು ಕೆಡುತ್ತದೆ. ಫಿಲ್ಟರ್ ನೀರು ಬಳಸುವುದು ವಾಸಿ. ಡೆನ್ವರ್‌ನಂಥ ಎತ್ತರದ ಊರಿನಲ್ಲಿ ನೀರು ಸುಮಾರು 95 ಡಿಗ್ರಿಗೇ ಕುದಿಯುವುದರಿಂದ ಹೇಗೂ ಹತ್ತು ಹದಿನೈದು ನಿಮಿಷ ಜಾಸ್ತಿ ಹಿಡಿಯುತ್ತದೆ.

ಬೆಂದ ಬೇಳೆಯನ್ನು ಜರಡಿಗೆ ಸುರಿದು ಅರ್ಧ ಗಂಟೆ ಬಿಡಬೇಕು. ಐದು ನಿಮಿಷಕ್ಕೇ ಎತ್ತಿದರೆ ಮುಂದೆ ಒಲೆಯ ಮುಂದೆ ಅದರ ನಾಲ್ಕರಷ್ಟು ಹೊತ್ತು ನಿಂತು ತೀರಿಸಬೇಕಾಗುತ್ತದೆ. ಕೆಳಗೆ ಇಳಿದ ಕಟ್ಟು ಒಂದೂವರೆ ಲೀಟರಿನಷ್ಟಾದರೂ ಸಿಕ್ಕೀತು. ಅದರಲ್ಲಿ ಒಂದು ಹಿಡಿ ಹೂರಣ ಕದಡಿ, ಇನ್ನಷ್ಟು ನೀರು ಸೇರಿಸಿ ಸಾರು ಮಾಡಿದರೆ ಇಪ್ಪತ್ತು ಜನಕ್ಕೆ ಧಾರಾಳ.

ಬೆಲ್ಲ

ಅಂಗಡಿಯಲ್ಲಿ ಹೆಚ್ಚಾಗಿ ಕಾಣುವುದು ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಹಳದಿ ಅಚ್ಚು. ಕೊಲ್ಹಾಪುರದ್ದೆಂದು ಬರೆದಿರುತ್ತದೆ. ಮಂಡ್ಯದ ಬೆಲ್ಲಕ್ಕಿಂತ ಮೆದು, ಒಳಗೆ ತೇವ ಹೆಚ್ಚು. ಒಂದು ಕೆಜಿ ಬೇಳೆಗೆ 900 ಗ್ರಾಂ ಸರಿ, ಸಿಹಿ ಮುಂದಿರಬೇಕು ಎನ್ನುವವರು ಒಂದು ಕೆಜಿ ಹಾಕಬಹುದು. ಕಸ, ಕಬ್ಬಿನ ನಾರು ಇದ್ದೇ ಇರುತ್ತದೆ ಎಂದು ಲೆಕ್ಕ ಹಾಕಿಕೊಳ್ಳಿ. ಅರ್ಧ ಬಟ್ಟಲು ನೀರಲ್ಲಿ ಕರಗಿಸಿ, ಸೋಸಿ, ಆ ಪಾಕ ಎಳೆ ಬರುವ ಮುಂಚೆಯೇ ಬೇಳೆಗೆ ಸೇರಿಸಬೇಕು. ಸೋಸದೆ ನೇರ ಹಾಕಿದರೆ ಹಲ್ಲಿಗೆ ಮರಳು.

ಪುಡಿ ಬೆಲ್ಲ ಒಣಗಿರುತ್ತದೆ, ನೀರು ಬಿಡುವುದು ಕಡಿಮೆ. ಮೊದಲ ಸಲ ಒಬ್ಬಟ್ಟಿಗೆ ಇಳಿಯುವವರು ಅದನ್ನೇ ಹಿಡಿಯಲಿ. ಬಣ್ಣ ಸ್ವಲ್ಪ ಮಂಕು, ಅಷ್ಟೇ. ಇಂಡಿಯನ್ ಸ್ಟೋರ್ ದೂರವಿದ್ದರೆ ಮೆಕ್ಸಿಕನ್ ಅಂಗಡಿಯಲ್ಲಿ ಪಿಲೋನ್ಸಿಯೋ ಎಂದು ಶಂಕುವಿನಾಕಾರದ ಅಚ್ಚು ಸಿಗುತ್ತದೆ. ಅದೂ ಕಬ್ಬಿನ ಹಾಲು ಕಾಯಿಸಿ ಮಾಡಿದ್ದೇ, ನಮ್ಮ ಬೆಲ್ಲದ ಸ್ವಂತ ದಾಯಾದಿ. ಕಲ್ಲಿನಷ್ಟು ಗಟ್ಟಿ, ತುರಿಯುವವರ ತೋಳಿಗೆ ಕೆಲಸ, ಹೂರಣ ಮಾತ್ರ ಘಮ್ಮೆನ್ನುತ್ತದೆ. ಸೂಪರ್ ಮಾರ್ಕೆಟ್ಟಿನ ಬ್ರೌನ್ ಶುಗರ್ ಬೆಲ್ಲವಲ್ಲ, ಸಕ್ಕರೆಗೆ ಕಾಕಂಬಿ ಹಚ್ಚಿದ್ದು. ಅದರಲ್ಲಿ ಮಾಡಿದ ಹೂರಣ ಆರಿದ ಮೇಲೂ ಅಂಟು ಬಿಡುವುದಿಲ್ಲ, ತಟ್ಟುವಾಗ ಕಣಕದಿಂದ ಹೊರಬರುತ್ತದೆ.

ಬೇಳೆ, ಬೆಲ್ಲ ಸೇರಿಸಿ ಮಧ್ಯಮ ಉರಿಯಲ್ಲಿ ಮಗುಚುತ್ತ ಕೂರಬೇಕು. ಹದ ಗೊತ್ತಾಗದಿದ್ದರೆ ತಕ್ಕಡಿಯೇ ಗತಿ: ಖಾಲಿ ಪಾತ್ರೆಯ ತೂಕ ಬರೆದಿಟ್ಟುಕೊಂಡು, ಹೂರಣ ಎರಡೂವರೆ ಕೆಜಿಗೆ ಇಳಿದಾಗ ಆರಿಸಿ. ಅಷ್ಟರಲ್ಲಿ 60 ಗ್ರಾಮಿನ ಉಂಡೆ ನಲವತ್ತು ದಾಟುತ್ತದೆ. ಹೂರಣಕ್ಕೆ ಕಾಯಿ ಹಾಕುವ ಮನೆಯವರು ಫ್ರೀಜರಿನ ತುರಿಯನ್ನು ಹಾಗೇ ಸುರಿಯಬೇಡಿ. ಬಾಣಲೆಯಲ್ಲಿ ಬರೀ ಹಾಗೇ ಹುರಿದು, ಉದುರುದುರಾದ ಮೇಲೆ ಸೇರಿಸಿ.

ರುಬ್ಬುವ ಯಂತ್ರ

ಈ ಊಟದಲ್ಲಿ ದುಡ್ಡು ಹಾಕಬೇಕಾದ್ದು ಎಲ್ಲಿ ಎಂದರೆ ಇಲ್ಲಿ. ಒಣ ಹೂರಣ ರುಬ್ಬುವುದು ಯಾವ ಮೋಟಾರಿಗೂ ಕಷ್ಟ. ಇಡ್ಲಿ ಹಿಟ್ಟಿಗೆ ನೀರು ಹಾಕಿ ತಿರುಗಿಸಿದ ಹಾಗಲ್ಲ, ಇಲ್ಲಿ ಒಂದು ಚಮಚ ನೀರು ಹಾಕಿದರೂ ಹೂರಣ ಕೆಟ್ಟಂತೆ.

ಊರಿನಿಂದ ಹೊತ್ತು ತಂದ 750 ವಾಟ್ ಮಿಕ್ಸಿಯನ್ನು ಟ್ರಾನ್ಸ್‌ಫಾರ್ಮರ್ ಮೇಲೆ ಓಡಿಸುವವರು ಇನ್ನೂ ಇದ್ದಾರೆ. ಅದು ಓಡುತ್ತದೆ. ಮಿಕ್ಸಿ ಮೋಟಾರಿಗೆ 50 ಹರ್ಟ್ಸ್, 60 ಹರ್ಟ್ಸ್ ಎಂಬ ಭೇದ ದೊಡ್ಡದಲ್ಲ, 120 ವೋಲ್ಟನ್ನು 230ಕ್ಕೆ ಏರಿಸಿದರಾಯಿತು. ಆದರೆ ಶುರುವಾಗುವ ಕ್ಷಣದಲ್ಲಿ ಮೋಟಾರು ಎಳೆಯುವ ಕರೆಂಟು ಜಾಸ್ತಿ, ಆದ್ದರಿಂದ ಟ್ರಾನ್ಸ್‌ಫಾರ್ಮರ್ 1500 ವಾಟಿನದಾದರೂ ಇರಬೇಕು. ಆ ತೂಕದ ಪೆಟ್ಟಿಗೆಯನ್ನು ಅಡುಗೆಕಟ್ಟೆಯ ಮೇಲೆ ಇಟ್ಟುಕೊಳ್ಳುವುದಕ್ಕಿಂತ 110 ವೋಲ್ಟಿಗೇ ಮಾಡಿದ ಮಿಕ್ಸಿ ಕೊಳ್ಳುವುದು ಮೇಲು. ಪ್ರೀತಿ ಈಕೋ ಟ್ವಿನ್ 550 ವಾಟಿನದು ಆ ಬಗೆಯದು. ಚಟ್ನಿ, ಮಸಾಲೆ, ಕಾಯಿ ರುಬ್ಬಲು ಅದಕ್ಕೆ ಎದುರಿಲ್ಲ. ಹೂರಣಕ್ಕೆ ಅದರ ಚಿಕ್ಕ ಜಾರಿನಲ್ಲಿ ಒಂದು ಸಲಕ್ಕೆ ಒಂದೇ ಬಟ್ಟಲು, ಅದೂ ಬಿಸಿ ಇರುವಾಗಲೇ, ಬಿಟ್ಟು ಬಿಟ್ಟು ಐದೈದು ಸೆಕೆಂಡು ಓಡಿಸಬೇಕು. ಎರಡೂವರೆ ಕೆಜಿ ಮುಗಿಸಲು ಹನ್ನೆರಡು ಹದಿಮೂರು ಸಲ, ನಡುವೆ ಮೋಟಾರು ಆರಲು ಬಿಡಬೇಕು. ಒಂದು ಗಂಟೆಯ ಕೆಲಸ.

ವೈಟಾಮಿಕ್ಸ್ ಬ್ಲೆಂಡರಿನ ಶಕ್ತಿಯ ಬಗ್ಗೆ ಎರಡು ಮಾತಿಲ್ಲ, ಆದರೆ ಅದು ದ್ರವಕ್ಕೆ ಹುಟ್ಟಿದ ಯಂತ್ರ. ಗಟ್ಟಿ ಹೂರಣ ಅದರ ಬ್ಲೇಡಿನ ಸುತ್ತ ಗುಹೆ ಕೊರೆದುಕೊಂಡು ಮೇಲೆ ನಿಂತುಬಿಡುತ್ತದೆ, ಬ್ಲೇಡು ಗಾಳಿಯಲ್ಲಿ ತಿರುಗುತ್ತದೆ. ಜೊತೆಗೆ ಕೊಡುವ ಕೋಲಿನಿಂದ ಒತ್ತುತ್ತಲೇ ಇರಬೇಕು. ಫುಡ್ ಪ್ರೊಸೆಸರು ಕೆಲಸ ಬೇಗ ಮುಗಿಸುತ್ತದೆ, ಆದರೆ ಅಲ್ಲಲ್ಲಿ ತರಿ ಬಿಡುತ್ತದೆ. ಒಂದು ಅರೆಬೇಳೆ ಸಿಕ್ಕಿದರೂ ತಟ್ಟುವಾಗ ಅಲ್ಲೇ ತೂತು.

ಇವೆಲ್ಲಕ್ಕಿಂತ ಮೇಲೆ ನಿಲ್ಲುವುದು ಇಂಡಿಯನ್ ಸ್ಟೋರಿನಲ್ಲಿ ಸಿಗದ ವಸ್ತು: ಕಿಚನ್‌ಏಡ್ ಎಂಬ ಹಿಟ್ಟು ಕಲಸುವ ಮಿಕ್ಸರಿನ ಮೂತಿಗೆ ಸಿಕ್ಕಿಸುವ ಕೊಚ್ಚುವ ಜೋಡಣೆ, ಸಣ್ಣ ತೂತಿನ ಬಿಲ್ಲೆ ಹಾಕಿದ್ದು. ಅದನ್ನು ಮಾಡಿರುವುದು ಮಾಂಸ ಕೊಚ್ಚಲು, ಹಾಗಾಗಿ ಒಬ್ಬಟ್ಟಿಗೆಂದೇ ಬೇರೆಯದು ತೆಗೆದಿಡಬೇಕು. ಬೇಳೆ-ಬೆಲ್ಲದ ಮುದ್ದೆ ಮೇಲಿನಿಂದ ಹಾಕಿದರೆ ಎಳೆಎಳೆಯಾಗಿ ನುಣುಪಾಗಿ ಇಳಿಯುತ್ತದೆ, ನೀರು ಬೇಡ, ಮೋಟಾರು ಬಿಸಿಯಾಗುವುದಿಲ್ಲ, ಎರಡೂವರೆ ಕೆಜಿ ಹದಿನೈದು ನಿಮಿಷ. ಒರಳಿನಲ್ಲಿ ರುಬ್ಬಿದ್ದಕ್ಕೆ ಇಷ್ಟು ಹತ್ತಿರ ಬರುವ ಇನ್ನೊಂದಿಲ್ಲ. ಆ ಮಿಕ್ಸರು ಮನೆಯಲ್ಲಿಲ್ಲದವರು ಕೈಯಲ್ಲಿ ತಿರುಗಿಸುವ ಫುಡ್ ಮಿಲ್ ಕೊಂಡರೂ ಆದೀತು. ಮರಾಠಿ ಮನೆಗಳ ಪುರಣ ಯಂತ್ರ ಅದೇ ತತ್ವದ್ದು.

ಟಿಲ್ಟಿಂಗ್ ಗ್ರೈಂಡರು, ಅಲ್ಟ್ರಾ ಮುಂತಾದವು, ದೋಸೆ ಹಿಟ್ಟಿಗೆ ಸರಿ. ಹೂರಣ ಅದರ ಗುಂಡುಕಲ್ಲಿಗೆ ಮೆತ್ತಿಕೊಂಡು ಜೊತೆಗೇ ಸುತ್ತುತ್ತದೆ. ಇದ್ದರೆ ಬಳಸಿ, ಇದಕ್ಕಾಗಿ ಕೊಳ್ಳಬೇಡಿ.

ಕಣಕದ ಹಿಟ್ಟು

ಇಲ್ಲಿ ಹೆಚ್ಚಿನವರು ಸೋಲುವುದು ಆಲ್ ಪರ್ಪಸ್ ಹಿಟ್ಟನ್ನು ಮೈದಾ ಎಂದು ತಿಳಿದು. ಬೇಕರಿಯವರು ಮೆಚ್ಚುವ ಕಿಂಗ್ ಆರ್ಥರ್ ಹಿಟ್ಟಿನಲ್ಲಿ ಪ್ರೋಟೀನು ನೂರಕ್ಕೆ 11.7. ಬ್ರೆಡ್ಡಿಗೆ ಅದು ಗುಣ, ಒಬ್ಬಟ್ಟಿಗೆ ದೋಷ. ನೀರು ಬಿದ್ದ ಕೂಡಲೇ ಜಿಗುಟು ಕಟ್ಟಿಕೊಂಡು, ತಟ್ಟಿದಷ್ಟೂ ಹಿಂದಕ್ಕೆ ಸರಿಯುತ್ತದೆ. ಇಂಡಿಯನ್ ಸ್ಟೋರಿನ ಮೈದಾ ತನ್ನಿ, ಅಥವಾ ಪೊಟ್ಟಣದ ಮೇಲೆ ಪ್ರೋಟೀನು ಕಡಿಮೆ ಇರುವುದನ್ನು ಆರಿಸಿ.

ಚಿರೋಟಿ ರವೆ ಎಂದು ಹೆಸರು ಬರೆದಿರುವುದನ್ನೇ ಕೊಳ್ಳಬೇಕು. ಸಣ್ಣ ಸೂಜಿ ರವೆ ಎಂದು ಬರೆದದ್ದು ಹೆಚ್ಚಾಗಿ ಕೇಸರಿಬಾತಿನ ಗಾತ್ರದ್ದು, ನೆನೆದರೂ ತರಿ ಬಿಡುವುದಿಲ್ಲ. ಚಿರೋಟಿ ರವೆ ಮುಗಿದುಹೋಗಿದ್ದರೆ (ಹಬ್ಬದ ಹಿಂದಿನ ವಾರ ಮುಗಿದೇ ಇರುತ್ತದೆ) ಇಟಾಲಿಯನ್ ಸಾಮಾನಿನ ಸಾಲಿನಲ್ಲಿ ಎರಡು ಸಲ ಬೀಸಿದ ಸೆಮೊಲಿನಾ ಹುಡುಕಿ, ರಿಮಾಚಿನಾಟಾ ಎಂದು ಬರೆದಿರುತ್ತದೆ. ಗಟ್ಟಿ ಗೋಧಿಯದು, ತಾನಾಗಿಯೇ ಹಳದಿ, ಅರಿಶಿನ ಅರ್ಧ ಸಾಕು. ನೀರು ಮಾತ್ರ ಹೆಚ್ಚು ಕುಡಿಯುತ್ತದೆ, ನೆನೆಯಲು ಒಂದು ಗಂಟೆ ಹೆಚ್ಚು ಬೇಕು.

ನಲವತ್ತಕ್ಕೆ ಚಿರೋಟಿ ರವೆ 400 ಗ್ರಾಂ, ಮೈದಾ 350 ಗ್ರಾಂ, ಅರ್ಧ ಚಮಚ ಅರಿಶಿನ, ಚಿಟಿಕೆ ಉಪ್ಪು, ಸುಮಾರು 400 ಮಿಲಿ ನೀರು. ಮೊದಲು ರವೆಯೊಂದನ್ನೇ ನೀರಲ್ಲಿ ಕಲಸಿ ಇಪ್ಪತ್ತು ನಿಮಿಷ ಬಿಟ್ಟು ಆಮೇಲೆ ಮೈದಾ ಸೇರಿಸಿದರೆ ನೀರಿನ ಲೆಕ್ಕ ತಪ್ಪುವುದಿಲ್ಲ. ಕಲಸಿದಾಗ ಕೈಗೆ ಅಂಟಬೇಕು, ಚಪಾತಿ ಹಿಟ್ಟಿನಂತಿದ್ದರೆ ಗಟ್ಟಿಯಾಯಿತು ಎಂದೇ ಅರ್ಥ. ಮೇಲೆ 150 ಮಿಲಿ ಎಣ್ಣೆಯನ್ನು ಮೂರು ಕಂತಿನಲ್ಲಿ ಹಾಕಿ ನಾದಿ, ಮುಚ್ಚಿ, ಮೂರು ಗಂಟೆ. ಮಾರ್ಚಿನಲ್ಲಿ ಮನೆಯೊಳಗೇ ಚಳಿ ಇರುವ ಊರಿನಲ್ಲಿ ನಾಲ್ಕು. ಕಡಲೆಕಾಯಿ ಎಣ್ಣೆ ರುಚಿ, ಸೂರ್ಯಕಾಂತಿ ಎಣ್ಣೆ ಸಾಕು. ಒಂದು ಕಣಕದ ಉಂಡೆ 30 ಗ್ರಾಂ, ಅಂದರೆ ಹೂರಣದ ಅರ್ಧ.

ಫ್ರಿಜ್ಜಿನಿಂದ ತೆಗೆದ ಹೂರಣವನ್ನು ತಣ್ಣಗಿರುವಾಗಲೇ ತುಂಬಬಾರದು. ಒಳಗೆ ಗಟ್ಟಿ, ಹೊರಗೆ ಮೆದು, ತಟ್ಟಿದರೆ ಕಣಕ ಮಾತ್ರ ಹರಡುತ್ತದೆ. ಎರಡೂ ಒಂದೇ ಮೆದುವಿರಬೇಕು.

ಬೇಯಿಸುವುದು

ತಟ್ಟಲು ಬೇಕಿಂಗಿಗೆ ಬಳಸುವ ಪಾರ್ಚ್‌ಮೆಂಟ್ ಕಾಗದಕ್ಕಿಂತ ದಪ್ಪ ಫ್ರೀಜರ್ ಚೀಲ ಕತ್ತರಿಸಿ ಬಿಡಿಸಿದ ಹಾಳೆ ಒಳ್ಳೆಯದು, ಒಬ್ಬಟ್ಟು ಸಲೀಸಾಗಿ ಬಿಟ್ಟುಕೊಡುತ್ತದೆ. ಆದರೆ ಅದನ್ನು ಕಾವಲಿಗೆ ತಾಗಿಸುವಂತಿಲ್ಲ, ಕೈಗೆ ವರ್ಗಾಯಿಸಿಯೇ ಹಾಕಬೇಕು. ಕೈ ಪಳಗದವರಿಗೆ ಪಾರ್ಚ್‌ಮೆಂಟೇ ಕ್ಷೇಮ: ಕಾಗದ ಸಮೇತ ಕವುಚಿ ಹಾಕಿ, ಅರ್ಧ ನಿಮಿಷ ಬಿಟ್ಟು ಕಾಗದ ಎಳೆದರೆ ಬರುತ್ತದೆ. ಮೆಕ್ಸಿಕನ್ನರ ಟಾರ್ಟಿಯಾ ಒತ್ತು ಮಣೆಯಲ್ಲಿ ಪೂರ್ತಿ ಒತ್ತಿದರೆ ಅಂಚು ಸೀಳುತ್ತದೆ. ಅರ್ಧ ಒತ್ತಿ, ಉಳಿದದ್ದು ಬೆರಳಲ್ಲಿ.

ಗಾಜಿನ ಮೇಲ್ಮೈಯ ಕರೆಂಟ್ ಒಲೆ ಉರಿ ಏರಿಸಿದರೂ ತಡ, ಇಳಿಸಿದರೂ ತಡ. ಒಂದೊಂದೇ ಬೇಯಿಸುತ್ತ ನಿಂತರೆ ನಲವತ್ತಕ್ಕೆ ಎರಡೂವರೆ ಗಂಟೆ. ಇದಕ್ಕೆ ಸುಲಭದ ದಾರಿ, ಪ್ಯಾನ್‌ಕೇಕ್ ಮಾಡುವ ಉದ್ದನೆಯ ಎಲೆಕ್ಟ್ರಿಕ್ ಗ್ರಿಡಲ್. 22 ಇಂಚಿನದರಲ್ಲಿ ಸಲಕ್ಕೆ ಮೂರು ಒಬ್ಬಟ್ಟು ಕೂರುತ್ತವೆ. ಉಷ್ಣತೆ 375 ಫ್ಯಾರನ್‌ಹೀಟ್‌ಗೆ ಇಟ್ಟರೆ ಒಂದು ಮಗ್ಗುಲಿಗೆ ಒಂದೂವರೆ ನಿಮಿಷ. ಮೂಲೆಗಳಲ್ಲಿ ಕಾವು ಕಡಿಮೆ ಇರುತ್ತದೆ, ನಡುವಿನದನ್ನು ಅತ್ತಿತ್ತ ಬದಲಿಸುತ್ತಿರಬೇಕು. ತುಪ್ಪ ಹಾಕುವುದು ತಿರುವಿದ ಮೇಲೆ. ಮೊದಲೇ ಸುರಿದರೆ ಹೊಗೆ, ಹೊಗೆಗೆ ಅಲಾರಮ್ಮು. ಅಲಾರಮ್ಮಿನ ಬ್ಯಾಟರಿ ತೆಗೆಯುವ ಪದ್ಧತಿ ಬೇಡ, ಕಿಟಕಿ ತೆಗೆದು ಚಿಮಣಿ ಫ್ಯಾನು ಮೊದಲೇ ಹಾಕಿದರೆ ಸಾಕು.

ಗ್ರಿಡಲ್ 1500 ವಾಟ್ ಎಳೆಯುತ್ತದೆ. ಮನೆಯ ಒಂದು ಸಾಲಿನ ಬ್ರೇಕರು 15 ಆಂಪಿನದಾದರೆ ತಾಳುವುದು 1800 ವಾಟ್. ಅದೇ ಗೋಡೆಯ ಪ್ಲಗ್ಗಿಗೆ ಸಾವಿರ ವಾಟಿನ ಇನ್‌ಸ್ಟಂಟ್ ಪಾಟನ್ನೂ ಸಿಕ್ಕಿಸಿದರೆ ಅತಿಥಿಗಳು ಬರುವ ಹೊತ್ತಿಗೆ ಅಡುಗೆಮನೆ ಕತ್ತಲು. ಗ್ರಿಡಲನ್ನು ಊಟದ ಮೇಜಿನ ಹತ್ತಿರದ ಪ್ಲಗ್ಗಿಗೆ ಒಯ್ಯಿರಿ, ಆದರೆ ಆ ಪ್ಲಗ್ಗು ಬೇರೆ ಬ್ರೇಕರಿನದೇ ಎಂದು ಹಿಂದಿನ ದಿನವೇ ನೋಡಿಕೊಳ್ಳಿ.

ಸಿದ್ಧ ಒಬ್ಬಟ್ಟಿನ ಪೊಟ್ಟಣಗಳೂ ಇವೆ, ಕೆಲವು ಫ್ರೀಜರಿನಲ್ಲಿ, ಕೆಲವು ಗಾಳಿ ತೆಗೆದು ಮುಚ್ಚಿದವು. ಹೂರಣ ಪರವಾಗಿಲ್ಲ, ಕಣಕ ಚಕ್ಕಳದಂತಾಗಿರುತ್ತದೆ. ಮೈಕ್ರೋವೇವಿನಲ್ಲಿ ಇಟ್ಟರೆ ಇನ್ನೂ ಬಿರುಸು. ಸಣ್ಣ ಉರಿಯ ಕಾವಲಿ, ಮೇಲೆ ಮುಚ್ಚಳ, ಎರಡು ಚಮಚ ತುಪ್ಪ, ಅಷ್ಟಕ್ಕೆ ತಿನ್ನುವ ಹಾಗಾಗುತ್ತದೆ. ಅನಿವಾರ್ಯಕ್ಕೆ ಸರಿ.

ಫ್ರೀಜರಿನ ಕಾಯಿತುರಿ

ಇದು ಅಂಗಡಿಯ ಅತ್ಯುತ್ತಮ ಸಾಮಾನು ಎಂದರೆ ತಪ್ಪಿಲ್ಲ. ಡೈಲಿ ಡಿಲೈಟ್ ಮೊದಲಾದ ಹೆಸರಿನ ತುರಿ ಪೊಟ್ಟಣಗಳು ಬಿಳಿಯಾಗಿ, ಸಣ್ಣಗೆ ಇರುತ್ತವೆ. ಅಲ್ಲಿನ ಸೂಪರ್ ಮಾರ್ಕೆಟ್ಟಿನ ಇಡೀ ತೆಂಗಿನಕಾಯಿ ಒಡೆದು, ಎರಡರಲ್ಲಿ ಒಂದು ಕೊಳೆತದ್ದು ಬಂತೆಂದು ಪೇಚಾಡುವುದಕ್ಕಿಂತ ಇದೇ ಮೇಲು. ದೇವರ ಮುಂದೆ ಒಡೆಯಲು ಒಂದು ಕಾಯಿ ಬೇಕೇ ಬೇಕಲ್ಲ, ಅದನ್ನು ಆರಿಸುವಾಗ ಕುಲುಕಿ ನೀರಿನ ಸದ್ದು ಕೇಳಿ, ಕಣ್ಣುಗಳು ಒಣಗಿವೆಯೇ ನೋಡಿ. ಊಟಕ್ಕೆ ಒಂದು ಪೌಂಡಿನ ಎರಡು ಪೊಟ್ಟಣ ಸಾಕು.

ಪೊಟ್ಟಣವನ್ನು ಮುಟ್ಟಿ ನೋಡಿ ಕೊಳ್ಳಬೇಕು. ಒಳಗೆ ತುರಿ ಸಡಿಲವಾಗಿ ಉದುರಿದರೆ ಒಳ್ಳೆಯದು. ಒಂದೇ ಹಲಗೆಯಾಗಿ, ಮೇಲೆ ಮಂಜಿನ ಹರಳು ಕಂಡರೆ ಎಲ್ಲೋ ದಾರಿಯಲ್ಲಿ ಕರಗಿ ಮತ್ತೆ ಹೆಪ್ಪುಗಟ್ಟಿದ್ದು. ಅದಕ್ಕೆ ಸಾಬೂನಿನ ವಾಸನೆ ಇರುತ್ತದೆ.

ಕೋಸಂಬರಿಗೆ ತುರಿಯನ್ನು ಬಟ್ಟೆಯ ಮೇಲೆ ಹರಡಿ ಕರಗಿಸಿ, ಬಟ್ಟೆ ನೀರು ಹೀರಿಕೊಂಡ ಮೇಲೆ ಹಾಕಿ. ಹಿಂಡಬೇಡಿ, ಹಾಲೂ ಹೋಗುತ್ತದೆ. ರುಬ್ಬುವಾಗ ಇನ್ನೊಂದು ಎಚ್ಚರ: ತಣ್ಣನೆಯ ತುರಿಯನ್ನು ತಣ್ಣೀರಿನಲ್ಲೇ ತಿರುಗಿಸಿದರೆ ಬೆಣ್ಣೆಯಂಥ ಗಂಟು ಜಾರಿನ ಗೋಡೆಗೆ ಮೆತ್ತಿಕೊಳ್ಳುತ್ತದೆ. ಕಾಯಿಯ ಜಿಡ್ಡು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುವುದರಿಂದ ಹಾಗೆ. ಕೈ ಇಡಬಹುದಾದಷ್ಟು ಬಿಸಿಯ ನೀರಿನಲ್ಲಿ ಹತ್ತು ನಿಮಿಷ ನೆನೆಸಿ ರುಬ್ಬಿ.

ಕೋಸಂಬರಿಯ ಉಳಿದ ಮಾತು ಸಣ್ಣದು. 400 ಗ್ರಾಂ ಹೆಸರುಬೇಳೆ, ಮುಕ್ಕಾಲು ಗಂಟೆ ನೆನೆಸಿ ಪೂರ್ತಿ ಬಸಿದದ್ದು. ಉದ್ದನೆಯ ಇಂಗ್ಲಿಷ್ ಸೌತೆಕಾಯಿಗೆ ಬೀಜ ಕಡಿಮೆ, ಅದೇ ತನ್ನಿ. ಉಪ್ಪು, ನಿಂಬೆರಸ ಎಲೆಗೆ ಬಡಿಸುವ ಐದು ನಿಮಿಷ ಮುಂಚೆ.

ಬಾಳೆಲೆ

ಫ್ರೀಜರಿನ ಬಾಳೆಲೆ ಹೆಚ್ಚಾಗಿ ಥಾಯ್ಲೆಂಡ್, ಫಿಲಿಪ್ಪೀನ್ಸ್ ಕಡೆಯದು. ಅವರು ಅದನ್ನು ಕಳಿಸುವುದು ತಿಂಡಿ ಸುತ್ತಿ ಬೇಯಿಸಲು, ಊಟಕ್ಕಲ್ಲ. ಹಾಗಾಗಿ ನಡುವಿನ ದಂಟು ತೆಗೆದು, ಅಗಲ ಪಟ್ಟಿಗಳಾಗಿ ಮಡಚಿಟ್ಟಿರುತ್ತಾರೆ. ತುದಿ ಎಲೆ ಸಿಗುವ ಮಾತೇ ಇಲ್ಲ. ಎಲೆಯ ತುದಿ ಉಣ್ಣುವವರ ಎಡಕ್ಕೆ ಬರಬೇಕೆಂಬ ಕ್ರಮವನ್ನು ಇಲ್ಲಿ ಪಾಲಿಸಲು ಪಟ್ಟಿಯ ಕಿರಿದಾದ ಕಡೆಯನ್ನು ಎಡಕ್ಕಿಡುತ್ತಾರೆ, ಅಷ್ಟಕ್ಕೆ ಸಮಾಧಾನ.

ಗಟ್ಟಿಯಿರುವಾಗ ಬಿಡಿಸಿದರೆ ಮಡಿಕೆಯುದ್ದಕ್ಕೂ ಒಡೆಯುತ್ತದೆ. ಹಿಂದಿನ ರಾತ್ರಿ ಪೊಟ್ಟಣವನ್ನು ಫ್ರಿಜ್ಜಿಗೆ ಇಳಿಸಿ, ಬೆಳಿಗ್ಗೆ ಒಂದು ಗಂಟೆ ಹೊರಗಿಟ್ಟು, ಆಮೇಲೆ ಬಿಡಿಸಿ. ಎರಡೂ ಮಗ್ಗುಲು ಒರೆಸಿದರೆ ಬಟ್ಟೆ ಕಪ್ಪಾಗುತ್ತದೆ, ಒಂದು ಸಲ ಒರೆಸಿ ಬಿಡುವಂಥದ್ದಲ್ಲ. ನಂತರ ಕಾದ ಗ್ರಿಡಲಿನ ಮೇಲೆ ಒಂದೊಂದನ್ನೂ ಐದು ಸೆಕೆಂಡು ಸವರಿ. ಎಲೆ ಹೊಳಪು ಬಂದು ಬಾಗುತ್ತದೆ, ಫ್ರೀಜರಿನ ವಾಸನೆಯೂ ಹೋಗುತ್ತದೆ. ಈ ಕೆಲಸ ಬಿಟ್ಟರೆ ಎಲೆ ನರದುದ್ದಕ್ಕೂ ಸೀಳುವುದು ಖಂಡಿತ. ಹೆಪ್ಪುಗಟ್ಟಿದಾಗ ಎಲೆಯೊಳಗಿನ ನೀರು ಹಿಗ್ಗಿ ಅದರ ಮೈಯನ್ನು ಒಳಗಿಂದಲೇ ಸಡಿಲ ಮಾಡಿರುತ್ತದೆ. ಸವರಿದರೂ ಸಾರು ನಿಲ್ಲಿಸುವಷ್ಟು ಗಟ್ಟಿಯಲ್ಲ, ಕೆಳಗೆ ತಟ್ಟೆ ಅಥವಾ ದಪ್ಪ ಕಾಗದ ಬೇಕು. ಪೌಂಡಿನ ಪೊಟ್ಟಣದಲ್ಲಿ ಸೀಳದ ಊಟದೆಲೆ ಆರೆಂಟು ಸಿಕ್ಕರೆ ಹೆಚ್ಚು, ಇಪ್ಪತ್ತು ಜನಕ್ಕೆ ಮೂರು ಪೊಟ್ಟಣ, ಇನ್ನೊಂದು ಮೇಲಿರಲಿ.

ಫ್ಲೋರಿಡಾ, ಟೆಕ್ಸಾಸ್‌ನ ದಕ್ಷಿಣ, ಕ್ಯಾಲಿಫೋರ್ನಿಯಾ ಕಡೆಯವರು ತಾಜಾ ಎಲೆಗೆ ಅಂಗಡಿಯಲ್ಲಿ ಮುಂಚೆಯೇ ಹೇಳಿಡಬಹುದು. ಬಾಳೆಲೆ ಚಿತ್ರ ಅಚ್ಚಾದ ಕಾಗದದ ಎಲೆ ಅಗ್ಗ, ಸಾರು ಸೋರುವುದಿಲ್ಲ, ನೋಡಲು ಮದುವೆ ಮನೆಯ ಫೋಟೋದಂತಿದೆ. ಬಿಸಿ ಅನ್ನ ಬಿದ್ದಾಗ ಏಳುವ ಘಮ ಅದಕ್ಕಿಲ್ಲ, ಅದೊಂದೇ ಕೊರತೆ, ಆದರೆ ಅದು ಸಣ್ಣ ಕೊರತೆಯಲ್ಲ.

ಬೇವು, ಕರಿಬೇವು, ಮಾವು

ಹಬ್ಬದ ವಾರ ಬರುವ ಬೇವಿನ ಸೊಪ್ಪಿಗೆ ಗಿರಾಕಿ ಜಾಸ್ತಿ, ಶನಿವಾರದ ಹೊತ್ತಿಗೆ ಖಾಲಿ. ಒಣ ಬೇವಿನ ಹೂ ತಮಿಳು, ತೆಲುಗು ಸಾಮಾನಿನ ಸಾಲಿನಲ್ಲಿ ವರ್ಷವಿಡೀ ಸಿಗುತ್ತದೆ. ಕಡ್ಡಿ ಸೋಸಿ ತೆಗೆದು, ತುಪ್ಪದಲ್ಲಿ ಬೆಚ್ಚಗೆ ಮಾಡಿ, ಇಪ್ಪತ್ತು ಜನಕ್ಕೆ ಎರಡು ಚಮಚ ಹೂ, ಒಂದು ಬಟ್ಟಲು ಬೆಲ್ಲದ ಪುಡಿ, ಅರ್ಧ ಬಟ್ಟಲು ಹುರಿಗಡಲೆ. ಒಣಗಿದ ಹೂವಿನ ಕಹಿ ತಾಜಾ ಹೂವಿಗಿಂತ ಚೂಪು, ಕೈ ಹಿಡಿದು ಹಾಕಿ.

ಕರಿಬೇವನ್ನು ಊರಿನಿಂದ ಪೆಟ್ಟಿಗೆಯಲ್ಲಿ ತರುವುದು ಬೇಡ. ನಿಂಬೆ, ಕಿತ್ತಳೆ ಗಿಡಗಳಿಗೆ ರೋಗ ಹರಡುವ ಕೀಟ ಅದರ ಮೇಲೆ ಬರುತ್ತದೆಂದು ವಿಮಾನ ನಿಲ್ದಾಣದಲ್ಲಿ ಕಿತ್ತುಕೊಳ್ಳುತ್ತಾರೆ. ಅಂಗಡಿಯದನ್ನೇ ಕೊಂಡು, ತೊಳೆದು, ಪೂರ್ತಿ ಒಣಗಿಸಿ ಫ್ರೀಜರಿಗೆ ಹಾಕಿ. ಒದ್ದೆ ಎಲೆ ಕಪ್ಪಾಗುತ್ತದೆ, ಒಗ್ಗರಣೆಗೆ ಬಿದ್ದಾಗ ಮುಖಕ್ಕೆ ಸಿಡಿಯುತ್ತದೆ.

ಚಿತ್ರಾನ್ನದ ಮಾವಿನಕಾಯಿಯನ್ನು ಸೂಪರ್ ಮಾರ್ಕೆಟ್ಟಿನಿಂದ ತಂದರೆ ನಿರಾಸೆ. ಅಲ್ಲಿಯದು ಹಣ್ಣಿಗೆಂದು ಬೆಳೆದ ಟಾಮಿ ಆಟ್ಕಿನ್ಸ್, ಗಟ್ಟಿಯಿದ್ದರೂ ಹುಳಿ ಸಾಲದು. ಇಂಡಿಯನ್ ಸ್ಟೋರಿನ ಹಸಿರು ಕಾಯಿಗಳಲ್ಲಿ ಒತ್ತಿದರೆ ಸ್ವಲ್ಪವೂ ಬಗ್ಗದ್ದನ್ನು ಆರಿಸಿ. 600 ಗ್ರಾಂ ಅಕ್ಕಿಯ ಅನ್ನಕ್ಕೆ ದಪ್ಪನೆಯ ಎರಡು ಕಾಯಿ. ಅನ್ನಕ್ಕೆ ಸೋನಾ ಮಸೂರಿ, ಹಳೆಯ ಅಕ್ಕಿ ಎಂದು ಬರೆದಿರುವ ಚೀಲ. ಹೊಸ ಅಕ್ಕಿಯಾದರೆ ಒಂದಕ್ಕೆ ಎರಡು ನೀರು ಹೆಚ್ಚಾಗಿ ಮುದ್ದೆಯಾಗುತ್ತದೆ, ಚಿತ್ರಾನ್ನಕ್ಕೆ ಒಂದೂಮುಕ್ಕಾಲು ಸಾಕು. ಸಾರಿನ ಪುಡಿ ಮನೆಯದಿಲ್ಲದವರಿಗೆ ಎಂಟಿಆರ್ ಇದ್ದೇ ಇದೆ, ಒಬ್ಬಟ್ಟಿನ ಸಾರಿಗೆ ಮಾತ್ರ ಅದರ ಜೊತೆ ಒಂದಿಷ್ಟು ಕಾಯಿ, ಜೀರಿಗೆ, ಚೂರು ಚಕ್ಕೆ ರುಬ್ಬಿ ಹಾಕಬೇಕು. ಹುಣಸೆಹಣ್ಣಿನ ಅಚ್ಚು ಕೊಳ್ಳುವಾಗ ಥಾಯ್ಲೆಂಡಿನ ಸಿಹಿ ಜಾತಿ ಕೈಗೆ ಬರದಂತೆ ನೋಡಿಕೊಳ್ಳಿ.

ತುಪ್ಪಕ್ಕೆ ಉಪ್ಪಿಲ್ಲದ ಬೆಣ್ಣೆ ಎರಡು ಪೌಂಡು. ಅಲ್ಲಿನ ಬೆಣ್ಣೆಯಲ್ಲಿ ಜಿಡ್ಡು ನೂರಕ್ಕೆ 80, ಉಳಿದದ್ದು ಹೆಚ್ಚಿನಪಾಲು ನೀರು. ಒಂದು ಪೌಂಡಿಗೆ 350 ಗ್ರಾಂ ತುಪ್ಪ ಇಳಿಯುತ್ತದೆ. ಸದ್ದು ನಿಂತು ತಳದ ಗಸಿ ಕೆಂಪಾದಾಗ ಒಂದು ವೀಳ್ಯದೆಲೆ ಹಾಕಿ ಇಳಿಸಿ. ಅಂಗಡಿಯ ಡಬ್ಬಿ ತುಪ್ಪ ದಿನಬಳಕೆಗಿರಲಿ.

ಕೊನೆಗೆ ಮಜ್ಜಿಗೆ. ಗ್ರೀಕ್ ಯೋಗರ್ಟು ನೀರು ತೆಗೆದದ್ದು, ಅದಕ್ಕೆ ಎಷ್ಟು ನೀರು ಬೆರೆಸಿದರೂ ಹಿಟ್ಟು ಕಲಸಿದಂತಿರುತ್ತದೆ. ಪೆಕ್ಟಿನ್, ಜೆಲಾಟಿನ್ ಹಾಕಿದವು ಕಡೆದರೆ ಲೋಳೆ. ಡಬ್ಬಿಯ ಹಿಂದೆ ಹಾಲು ಮತ್ತು ಹೆಪ್ಪು ಎಂದು ಎರಡೇ ಬರೆದಿರುವ, ಕೆನೆ ತೆಗೆಯದ ಹಾಲಿನ ದೇಸಿ ದಹಿ ಎರಡು ಕೆಜಿ ತನ್ನಿ. ಶುಕ್ರವಾರ ರಾತ್ರಿ ಹೊರಗಿಟ್ಟರೆ ಶನಿವಾರ ಮಧ್ಯಾಹ್ನಕ್ಕೆ ಬೇಕಾದಷ್ಟು ಹುಳಿ ಬಂದಿರುತ್ತದೆ. ಈ ಊಟದಲ್ಲಿ ನೀರನ್ನು ಕೈಬಿಚ್ಚಿ ಸುರಿಯಬಹುದಾದ್ದು ಇದೊಂದಕ್ಕೇ: ಮೊಸರಿನ ಎರಡರಷ್ಟು, ಉಪ್ಪು, ಶುಂಠಿ, ಇಂಗಿನ ಒಗ್ಗರಣೆ.